ಬಾಕಿ ನಲವತ್ತು

ವಾರದ ರಜೆ. ಖಾಕಿಯನ್ನು ನೆನೆಹಾಕಿ
ಸಾವಿರದ ಇನ್ನೂರು ಎಣಿಸಿಟ್ಟುಕೊಂಡು
ಎಸ್.ಜೆ.ಪಿ. ರಸ್ತೆಗೆ ಹೊರಟೆ, ಸೀಟಿನಲ್ಲಿ ಕೂತು,
ಸೊನ್ನೆ ರೂಪಾಯಿಯ ಹೆಂಗಸರ ಟಿಕೆಟ್ಟಿನಲ್ಲಿ.
ಚಾಕು ಬೇಕಿತ್ತು. ಅಡುಗೆಮನೆಯದಲ್ಲ.
ಮಡಚುವಂಥದು, ಜೇಬಿನದು, ನನ್ನದು.

ಹದಿನಾಲ್ಕು ವರ್ಷ
ಡ್ರೈವರ್ ಹೊಂಬಾಳಯ್ಯನವರ ಚಾಕು ಕೇಳಿ ಪಡೆದಿದ್ದೇನೆ,
ಕೊನೇ ಸ್ಟಾಪಿನ ಹೊಂಗೆ ನೆರಳಲ್ಲಿ ಸೌತೆಕಾಯಿ ಹೆಚ್ಚಲು,
ಚೀಲದ ಬಿಚ್ಚಿದ ದಾರ ಕತ್ತರಿಸಲು.
ಇಲ್ಲ ಅಂದವರಲ್ಲ.
ಆದರೆ ಕೊಟ್ಟ ಕೈ ಚಾಚಿಯೇ ಇರುತ್ತಿತ್ತು,
‘ಹುಷಾರಮ್ಮ, ಹರಿತ ಇದೆ’ ಎಂದು,
ದಿನಕ್ಕೆರಡು ಹೊತ್ತು ಈಳಿಗೆಮಣೆ ಮೆಟ್ಟಿ ಕೂರುವವಳಿಗೆ.
ಕಳೆದ ತಿಂಗಳು ಅವರು ರಿಟೈರಾದರು.
ಹಾರ ಹಾಕಿದೆವು. ಚಾಕು ಅವರ ಜೊತೆ ಹೋಯಿತು.

ಬೋಲ್ಟು ನಟ್ಟುಗಳ ಡಬ್ಬಿಗಳ ನಡುವೆ ಹಕೀಮುದ್ದೀನ್ ಭಾಯಿ.
ಎಷ್ಟರದು ಬೇಕು ಅನ್ನಲಿಲ್ಲ,
‘ಏನು ಕುಯ್ಯೋಕೆ?’ ಅಂದರು.
ಸೀಬೆಹಣ್ಣು, ದಾರ, ಪಾರ್ಸೆಲ್ಲಿನ ಟೇಪು, ಮಗಳ ಪೆನ್ಸಿಲ್ಲು.
ಇನ್ನೊಂದು ಇತ್ತು, ರಾತ್ರಿ ಪಾಳಿ ಮುಗಿದ ಮೇಲಿನ ದಾರಿಯದು,
ಹೇಳಲಿಲ್ಲ.
‘ಹೆದರಿಸೋಕೆ ಆದ್ರೆ ಒಳ್ಳೇ ಟಾರ್ಚು ತಗೊಳ್ಳಿ,
ಚಾಕು ಇರೋದು ಕುಯ್ಯೋಕೆ’ ಅಂದರು, ಕೇಳಿಸಿಕೊಂಡವರಂತೆ.

ಇನ್ನೂರೈವತ್ತರದು: ಹಿಡಿಯ ಮೇಲೆ ತಲೆಬುರುಡೆ,
ಮೈತುಂಬ ಕಾಮನಬಿಲ್ಲು. ಬಿಚ್ಚಿ ಎರಡು ಬೆರಳಲ್ಲಿ ಹಿಡಿದೆ.
ಅಲುಗು ಅಲುಗಿತು.
ಹಲ್ಲು ಅಲ್ಲಾಡಿದ ಹಾಗೆ.

ಒಂಬೈನೂರರದರಲ್ಲಿ ಹನ್ನೊಂದು ಸಾಮಾನು:
ಕತ್ತರಿ, ಗರಗಸ, ಮುಚ್ಚಳ ತೆಗೆಯುವ ಕೊಕ್ಕೆ, ಮೀನಿನ ಪೊರೆ ಕೆರೆಯುವುದು.
‘ಟಿಕೆಟ್ಟೂ ಕೊಡತ್ತಾ?’ ಅಂದೆ.
ನಕ್ಕರು. ಕತ್ತರಿ ಎಳೆಯಲು ಹೋಗಿ ನನ್ನ ಉಗುರು ಮುರಿಯಿತು.

ಕೊನೆಗೆ ಡ್ರಾಯರಿನ ತಳದಿಂದ, ಎಣ್ಣೆಕಾಗದ ಬಿಚ್ಚಿ,
ಬೀಟೆಯ ಹಿಡಿ, ಒಂದೇ ಅಲುಗು,
ನನ್ನ ನಾಲ್ಕು ಬೆರಳಿಗೆ ಅಳತೆ ತೆಗೆದಷ್ಟು ಉದ್ದ.
ಕೈಗೆ ಕೊಡಲಿಲ್ಲ, ಗಾಜಿನ ಮೇಲಿಟ್ಟರು.
ಕೈಯಿಂದ ಕೈಗೆ ಕೊಟ್ಟರೆ ಜಗಳವಂತೆ.
ನಮ್ಮವ್ವನೂ ಹೀಗೇ ನೆಲಕ್ಕಿಡುತ್ತಿದ್ದಳು.
ತೆರೆದೆ. ಟಕ್.
ಬೆನ್ನಿನ ಬೀಗ ಕೂತ ಸದ್ದು, ಬಸ್ಸಿನ ಬಾಗಿಲಿಗಿಂತ ನಂಬಿಕೆಯದು.
ಮಡಚಿ ಟ್ಯೂಬ್‌ಲೈಟಿಗೆ ಹಿಡಿದರೆ
ಅಲುಗು ಆ ಗೋಡೆಗೂ ತಾಗದೆ ಈ ಗೋಡೆಗೂ ತಾಗದೆ
ನಡುಮನೆಯಲ್ಲಿ ಮಲಗಿತ್ತು.
ಬಂದ ಟಿಕೆಟ್ಟನ್ನೇ ತೆಗೆದು ಅಂಚಿಗೆ ತಾಗಿಸಿದೆ.
ಬನಶಂಕರಿ ಒಂದು ಕಡೆ,
ಮಾರ್ಕೆಟ್ಟು ಒಂದು ಕಡೆ.

ಸಾವಿರದ ನಾನೂರು ಅಂದರು.
ಸುಮ್ಮನೆ ನಿಂತೆ. ರಶ್ಶಿನಲ್ಲಿ ನಿಲ್ಲುವ ಅಭ್ಯಾಸ ಇದೆ ನನಗೆ.
ಸಾವಿರದ ನೂರರವತ್ತಕ್ಕೆ ಇಳಿದರು.
ಸಾವಿರದ ಇನ್ನೂರು ಕೊಟ್ಟೆ.
‘ಚಿಲ್ಲರೆ ಇಲ್ವಲ್ಲಮ್ಮ.’
ದಿನಕ್ಕೆ ಇನ್ನೂರು ಸಲ ನಾನಾಡುವ ಮಾತು!
ಬಿಲ್ಲಿನ ಬೆನ್ನಿಗೆ ನಲವತ್ತು ಬರೆದು ಸುತ್ತ ಸೊನ್ನೆ ಎಳೆದರು,
ಥೇಟ್ ನಾನು ಎಳೆಯುವ ಹಾಗೆ.
‘ಸಾಣೆಗೆ ಬಂದಾಗ ಮುರ್ಕೊಳ್ಳೋಣ.’
ಈ ಮಾತಿಗೆ ಜನ ಯಾಕೆ ಹಾಗೆ ನೋಡುತ್ತಾರೆಂದು
ಈಗ ಗೊತ್ತಾಯಿತು.

ಬೇಗ ಮನೆ ಸೇರೋಣವೆಂದು ಮೆಟ್ರೋಗೆ ಇಳಿದೆ.
ಬೆಲ್ಟಿನ ಮೇಲೆ ಚೀಲ ನಿಂತಿತು.
‘ಚಾಕು ಬಿಡಲ್ಲ ಮೇಡಂ.’
‘ಸೀಬೆಹಣ್ಣಿಗೆ ಕಣಪ್ಪಾ.’
‘ಹಣ್ಣು ಬಿಡ್ತೀವಿ.’
ಮತ್ತೆ ಮೆಟ್ಟಿಲು ಹತ್ತಿ ನನ್ನ ಬಸ್ಸಿಗೇ ಬಂದೆ.

ರಾತ್ರಿ ಜಗಲಿಯಲ್ಲಿ ಒಂದು ಹಣ್ಣನ್ನು ಎಂಟು ಹೋಳು ಮಾಡಿದೆ,
ಬೇಕಿದ್ದದ್ದು ನಾಲ್ಕೇ.
ಮಡಚುವಾಗ ಹೆಬ್ಬೆರಳು ಕುಯ್ಯಿತು.
ಅಂಗಡಿಯಲ್ಲಿ ತೆರೆಯುವುದನ್ನೇ ಐದಾರು ಸಲ ನೋಡಿದ್ದೆ.
ಒರೆಸಲು ಕೈಗೆ ಸಿಕ್ಕಿದ್ದು ಬಿಲ್ಲು.